ನಾಲ್ಕನೆಯ ಹೆಸರು

ಶೆಫೀಲ್ಡಿನಾಚೆ, ಡಾನ್ ನದಿಯ ಮಗ್ಗುಲ ಬಯಲು.
ಭಾನುವಾರ ಬೆಳಗಿನ ಆರು. ತೆರೆದ ಕಾರಿನ ಡಿಕ್ಕಿಯೇ ಅಂಗಡಿ.
ಕೆಟ್ಟ ಟೋಸ್ಟರು, ಒಂಟಿ ಸ್ಕೇಟು, ಯಾರದೋ ಮದುವೆಯ ಪಿಂಗಾಣಿ,
ಎಲ್ಲದರಡಿ, ಬಣ್ಣದ ಡಬ್ಬಿಗೆ ಅಂಟಿಕೊಂಡು
ಮರದ ಒಂದು ಕೀಸುಳಿ.
"ಮೂರು ಪೌಂಡು," ಅಂದ ಹುಡುಗ. "ಒಲೆಗೂ ಆದೀತು."
ಚೌಕಾಸಿ ಮಾಡಲಿಲ್ಲ ನಾನು.
ಕೈ ನಡುಗಿದ್ದು ಚಳಿಗೆ ಎಂದುಕೊಳ್ಳಲಿ.

ಬೀಚ್ ಮರ. ಹದಿನೇಳು ಅಂಗುಲ.
ಅಂಚು ದುಂಡಗೆ; ಚಪ್ಪಟೆ ಹೆರೆದಿದ್ದರೆ
ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬಹುದಿತ್ತು.
ಅಲಗಿನ ತಲೆ ಸುತ್ತಿಗೆಯೇಟು ತಿಂದು ತಿಂದು ಅಣಬೆ.
ಬೆಣೆ ಮಾತ್ರ ಹೊಸದು, ಪೈನು,
ಎರವಲು ಹಲ್ಲಿನ ಹಾಗೆ.

ತುಕ್ಕಿನಲ್ಲಿ ಎರಡು ಬಗೆ.
ಕೆಂಪು ಬಾಯಿಬಡುಕ, ನಿನ್ನೆ ಮೊನ್ನೆ ಬಂದದ್ದು,
ಗದರಿಸಿದರೆ ಎದ್ದು ಹೋಗುತ್ತದೆ.
ಕಪ್ಪು ಮನೆಯ ಹಿರಿಯ,
ಕೂತಲ್ಲೇ ಕೂತು ಉಕ್ಕನ್ನು ಕಾಯುತ್ತದೆ;
ಅದನ್ನು ಎಬ್ಬಿಸಬಾರದು.

ರಾತ್ರಿಯಿಡೀ ವಿನೆಗರಿನಲ್ಲಿ ಅಲಗು.
ಅಡುಗೆಮನೆಗೆಲ್ಲ ಮೀನು ಕರಿಯುವ ಅಂಗಡಿಯ ವಾಸನೆ.
ಸಿರಿಲ್ ಇದ್ದಿದ್ದರೆ, ಚಿಪ್ಸ್ ಎಲ್ಲಿ ಅನ್ನುತ್ತಿದ್ದ.
ಬೆಳಿಗ್ಗೆ ಉಜ್ಜಿದಾಗ ಮೊದಲು ಎದ್ದದ್ದು ಒಂದು ಕಿರೀಟ,
ಅದರಡಿ ಅರ್ಧ ಊರು. ಉಳಿದರ್ಧ
ತುಕ್ಕಿನ ಹೊಟ್ಟೆಯಲ್ಲಿ.

ಮೂತಿಯ ಮೇಲೆ ಹೆಸರುಗಳಿದ್ದವು.
ಕೊಂಡವರೆಲ್ಲ ಅಚ್ಚಿಟ್ಟು ಹೊಡೆದದ್ದು, ಒಬ್ಬರಾದ ಮೇಲೊಬ್ಬರು.
ಜೆ. ಸ್ಟ್ಯಾನಿಫೋರ್ತ್, ಮೂರು ಸಲ,
ತನ್ನದೇ ಹೌದೋ ಅಲ್ಲವೋ ಎಂಬ ಹಾಗೆ.
ಟಿ. ಹೆಬಲ್‌ತ್ವೈಟ್, ತಲೆಕೆಳಗೆ. ಕುಡಿದಿದ್ದನೋ,
ಮೊಣಕಾಲ ಸಂದಿಯಲ್ಲಿಟ್ಟು ಹೊಡೆದನೋ.
ಎ. ಡಂಗ್‌ವರ್ತ್, ಆಳಕ್ಕೆ, ಒಂದೇ ಪೆಟ್ಟು.
ಅವನ ಪಕ್ಕ, ಉಳಿಯಿಂದ ಕೆತ್ತಿ ತೆಗೆದ
ಬೆರಳಗಲ ತಗ್ಗು.

ಸವೆದದ್ದು ಬೇರೆ, ಕೆತ್ತಿದ್ದು ಬೇರೆ.
ಸವೆತಕ್ಕೆ ಅವಸರವಿಲ್ಲ.

ಒದ್ದೆ ಬಟ್ಟೆ ಇಟ್ಟು ಕಾದೆ.
ಅಕ್ಷರ ಹೋದರೂ ಅಚ್ಚಿನಡಿ ನಲುಗಿದ ನಾರು ಉಳಿದಿರುತ್ತದೆ,
ನೀರು ಕುಡಿದರೆ ಉಬ್ಬಿ ಏಳುತ್ತದೆ.
ದೀಪ ಆರಿಸಿ, ಟಾರ್ಚನ್ನು ಮರಕ್ಕೆ ಒರಗಿಸಿ,
ಅಡ್ಡಬೆಳಕಿನಲ್ಲಿ ನೋಡಿದೆ:
ಒಂದು ಇ. ಆಮೇಲೆ ಚುಕ್ಕೆ.
ಆಮೇಲೆ ಎರಡು ನಿಂತ ಗೀಟು, ಮತ್ತೇನಿಲ್ಲ.

ಎಡ್ವಿನ್? ಎಬೆನೆಝರ್?
ಹಿಡಿಯ ಮೇಲೆ ಕೈಯಿಟ್ಟಾಗ ನಿಂತೆ.
ಯಾರೋ ಅದನ್ನು ಗಾಜಿನ ಚೂರಿನಿಂದ ಹೆರೆದಿದ್ದರು, ತೆಳ್ಳಗೆ,
ಸುತ್ತ ಸುತ್ತ, ತಾಳ್ಮೆಯಿಂದ.
ನನ್ನ ನಾಲ್ಕು ಬೆರಳೂ ತೂರಿದವು.
ಸಿರಿಲ್‌ನದು ತೂರುತ್ತಿರಲಿಲ್ಲ.
ಒಂದೇ ಪೆಟ್ಟಿನ ಡಂಗ್‌ವರ್ತನದೂ.

ಗಂಡಸರು ಯುದ್ಧಕ್ಕೆ ಹೋದ ವರ್ಷ
ಮರಗೆಲಸದ ಮೇಜುಗಳ ಮುಂದೆ ಹೆಂಗಸರು ನಿಂತದ್ದಿತ್ತು.
ಮರಳಿ ಬಂದವರು
ತಮ್ಮ ಸಾಮಾನು ಎಲ್ಲಿ ಎಂದು ಕೇಳಿದ್ದೂ ಇತ್ತು.
ನನ್ನದು ಊಹೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು ನಾನು,
ಕನ್ನಡಿಯಲ್ಲಿ ಕಂಡ ಅರ್ಧ ಮುಖಕ್ಕೆ
ಪೂರ್ತಿ ಕಥೆ ಕಟ್ಟುವ ಚಾಳಿ ಹೋಗಿಲ್ಲ.
ಕೆಲಸ ಕಲಿಯಲು ಬಂದ ಪೋರನೂ ಇದ್ದಾನು.
ಕದ್ದು ಮಾರಿದವನೂ.

ಹಳೇ ಸಾಮಾನಿನ ವ್ಯಾಪಾರಿ ರೂಪರ್ಟ್ ಬಂದು ತಿರುಗಿಸಿ ನೋಡಿದ.
"ಮೂತಿ ಸಪಾಟು ಮಾಡಿ ಹಿಡಿ ಬದಲಿಸಿ.
ನಲವತ್ತಕ್ಕೆ ಹೋಗುತ್ತೆ."
ಅವನಿಗೆ ಟೀ ಕೊಟ್ಟೆ. ಬಿಸ್ಕತ್ತು ಕೊಡಲಿಲ್ಲ.

ಅಗಸೆ ಎಣ್ಣೆ ಬಿದ್ದ ಮೇಲೆ ಮರ ಜೇನಿನ ಬಣ್ಣಕ್ಕೆ ತಿರುಗಿತು.
ಆ ಇ ಈಗ ಕಣ್ಣಿಗೆ ಕಾಣುವುದಿಲ್ಲ,
ಹೆಬ್ಬೆರಳಿಗೆ ಸಿಗುತ್ತದೆ.
ಸಾಣೆಕಲ್ಲಿನ ಮೇಲೆ ಎರಡು ಸಂಜೆ.
ಮುಂಗೈಯ ಕೂದಲು ಸದ್ದಿಲ್ಲದೆ ಉದುರಿದಾಗ
ಸಾಕು ಅಂದೆ.

ನವೆಂಬರಿನಿಂದ ಹಿಡಿದುಕೊಳ್ಳುತ್ತಿದ್ದ ಉಗ್ರಾಣದ ಬಾಗಿಲು,
ಕೀಲು ಕಳಚಿ ಮಲಗಿಸಿದೆ.
ಮೊದಲ ತಳ್ಳಿಗೆ ಬರೀ ಕೆಮ್ಮು.
ಬೆಣೆಗೆ ಒಂದು ಮೊಟಕು.
ಎರಡನೆಯದಕ್ಕೆ ಬಾಯೊಳಗಿಂದ
ಉದ್ದಕ್ಕೆ, ಸುರುಳಿಗೆ ಸುರುಳಿಯಾಗಿ,
ಬೆಳಕು ತೂರುವಷ್ಟು ತೆಳ್ಳನೆಯ ಹೆರೆ.

ಹಿಡಿ ಎತ್ತ ಹೇಳಿತೋ ಅತ್ತ ಹೋದೆ.
ಸ್ವಲ್ಪ ಹೆಚ್ಚೇ ಆಯಿತೋ ಏನೋ.
ಈಗ ರಾತ್ರಿ ಗಾಳಿ ಬಂದರೆ
ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ.